ನಿನ್ನಿಷ್ಟ ಕಣವ್ವ

ಅಕ್ಕ ಸುಂದ್ರಮ್ಮ ಬಾಣಂತಿಮನೆಯಲ್ಲೇ ತೀರಿಕೊಂಡು ಹದಿನೈದು ದಿನವಾಗಿತ್ತು. ಮಿರ್ಲೆಯ ಮನೆಯ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತು ಶಿವನಂಜಮ್ಮನನ್ನು ಕರೆದರು. ಅದು ಐವತ್ತೈದನೇ ಇಸವಿ. ಅವಳಿಗಾಗ ಹದಿನೆಂಟು. ಮೈಸೂರಿನಲ್ಲಿ ಉಪಾಧ್ಯಾಯಿನಿ ಟ್ರೈನಿಂಗಿಗೆ ಸೀಟು ಸಿಕ್ಕಿ, ಜೂನ್ ತಿಂಗಳು ಬರುವುದನ್ನೇ ಕಾಯುತ್ತಿದ್ದಳು.

"ನಿಮ್ಮ ಭಾವನ್ನ ಮದುವೆ ಆಗ್ತೀಯಾ?" ಅಪ್ಪ ಚನ್ನಬಸವಣ್ಣ ನೆಲ ನೋಡುತ್ತ ಕೇಳಿದರು. "ಬಲವಂತ ಏನಿಲ್ಲ. ನಿನ್ನಿಷ್ಟ ಕಣವ್ವ."

ಭಾವ ಕಂಠಪ್ಪ, ಸರಗೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು, ಕಂಬಕ್ಕೆ ಒರಗಿ ಕೂತಿದ್ದ.

"ನಂಗಿಷ್ಟ ಇಲ್ಲಪ್ಪ. ಓದ್ಬೇಕು ನಾನು."

ಅಷ್ಟು ಧೈರ್ಯ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅಪ್ಪ "ಆಯ್ತು ಬುಡು" ಎಂದು ಟವಲ್ಲು ಕೊಡವಿಕೊಂಡು ಎದ್ದುಹೋದರು.

ಅಕ್ಕನ ಕೂಸು ಮಿರ್ಲೆಯಲ್ಲೇ ಉಳಿಯಿತು. ಅವ್ವ ಪುಟ್ಟಮಾದಮ್ಮನಿಗೆ ವಾತ, ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಶಿವನಂಜಮ್ಮನೇ ಕಾಲಮೇಲೆ ಹಾಕಿಕೊಂಡು ಒಳಲೆಯಲ್ಲಿ ಹಸುವಿನ ಹಾಲು ಕುಡಿಸಬೇಕು. ಬೇರೆಯವರು ಕುಡಿಸಿದರೆ ಕೂಸು ಗುಟುಕು ಇಳಿಸದೆ ಉಗುಳಿಬಿಡುತ್ತಿತ್ತು. ಅವಳ ಸೆರಗಿನ ತುದಿ ಹಿಡಿದೇ ನಿದ್ದೆ ಹೋಗುತ್ತಿತ್ತು.

ತಿಂಗಳು ತುಂಬುವ ಹೊತ್ತಿಗೆ ಸುದ್ದಿ ಬಂತು. ಹೊಸ ಅಗ್ರಹಾರದ ಕಡೆ ಕಂಠಪ್ಪನಿಗೆ ಹೆಣ್ಣು ನೋಡಿದ್ದಾರೆ. ಹೆಣ್ಣಿನವರು, ಮೊದಲನೆಯವಳ ಕೂಸು ಮಾತ್ರ ಬೇಡ ಅಂದಿದ್ದಾರೆ.

"ಯಾರಾದ್ರೂ ಮಕ್ಕಳಿಲ್ಲದೋರಿಗೆ ಕೊಟ್ರಾಯ್ತು," ಅವ್ವ ಒಲೆಯ ಕಡೆ ಮುಖ ಮಾಡಿಕೊಂಡೇ ಅಂದಳು. "ನೀನು ಅದನ್ನೆಲ್ಲಾ ಮನಸಿಗೆ ಅಚ್ಕಬೇಡ. ಓದಕ್ಕೆ ಓಗು."

ಎರಡು ದಿನ ಶಿವನಂಜಮ್ಮನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ತಾನೇ ಹೋಗಿ ಅಪ್ಪನ ಮುಂದೆ ನಿಂತು "ಆಗ್ತೀನಿ" ಅಂದಳು. ಅಪ್ಪ ಕಣ್ಣೊರೆಸಿಕೊಂಡರು. ಆಮೇಲೆ ಮನೆಗೆ ಬಂದವರಿಗೆಲ್ಲ ಒಂದೇ ಮಾತು: "ನಾವೇನೂ ಅನ್ನಲಿಲ್ಲ ಕಣ್ರೀ. ಅವಳೇ ಒಪ್ಪವಳೆ."

ಸರಗೂರಿಗೆ ಬಂದ ಮೊದಲ ವಾರದಲ್ಲೇ ಕಂಠಪ್ಪ ಮನಸ್ಸು ಬಿಚ್ಚಿದ. "ನನ್ನೂ ಇಂಗೇ ಕೇಳಿದ್ರು, ನಂಜಮ್ಮ. ಕೂಸು ಮುಂದಿಟ್ಕಂಡು ಕೇಳಿದ್ರೆ ಏನಂತ ಏಳ್ಲಿ? ನಂಗೆ ನಿಮ್ಮಕ್ಕನ ಬಿಟ್ಟು ಯಾರೂ ಬೇಡಾಗಿತ್ತು."

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಒಬ್ಬರೂ ಸಿಗಲಿಲ್ಲವಲ್ಲ ಎಂದು ಅಳು ಬಂತು. ಇಬ್ಬರನ್ನೂ ಹಿಡಿದಿಟ್ಟದ್ದು ಆ ಕೂಸೊಂದೇ. ಅದು ಅಂಬೆಗಾಲಿಟ್ಟಿತು, ಹೊಸಿಲು ದಾಟಿತು, ಅವಳನ್ನೇ ಅವ್ವ ಅಂದಿತು.

ಮುಂದಿನ ವರ್ಷದ ಆಷಾಢದಲ್ಲಿ ಕೂಸಿಗೆ ಕೆಮ್ಮು, ಜ್ವರ. ಕಂಪೌಂಡರ್ ಕೊಟ್ಟ ಕೆಂಪು ಔಷಧಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅವಳ ತೊಡೆಯ ಮೇಲೇ ಉಸಿರು ನಿಂತಿತು. ಅಕ್ಕನನ್ನೂ ಗಂಡನ ಊರಿಗೆ ತಂದೇ ಮಣ್ಣು ಮಾಡಿದ್ದರು; ಆ ಸಮಾಧಿಯ ಪಕ್ಕದಲ್ಲೇ ಒಂದು ಪುಟ್ಟ ಗುಂಡಿ ತೋಡಿದರು.

ತಿಂಗಳ ಮೇಲೆ ಒಂದು ದಿನ ಅಂಗಡಿಗೆ ಹೊರಟ ಕಂಠಪ್ಪ ಬಾಗಿಲಲ್ಲಿ ತಡೆದು ನಿಂತ. "ಯಾವುದಕ್ಕೆ ಬಂದ್ಯೋ ಅದೇ ಓಯ್ತು. ಮಿರ್ಲೆಗೆ ಓಗ್ತೀಯಾ, ಓಗು. ಓದ್ತೀಯಾ, ಓದು. ನಾನು ಅಡ್ಡ ಬರಾಕಿಲ್ಲ."

ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದವಳು ತಲೆಯೆತ್ತಿದಳು.

"ನಂಗೀಗ ಮೂರು ತಿಂಗಳು."

ಸಂತೋಷಪಡಬೇಕೋ ಬೇಡವೋ ಎಂಬುದು ಕಂಠಪ್ಪನ ಮುಖದಲ್ಲಿ ತೀರ್ಮಾನವಾಗಲಿಲ್ಲ.

"ಒತ್ತಾಯ್ತು, ಅಂಗಡಿ ಬಾಗಿಲು ತಗೀರಿ," ಎಂದು ಅವಳು ಮತ್ತೆ ಕಾಳು ಆರಿಸತೊಡಗಿದಳು.