ಆರು ಬರೆ

ನನ್ನ ಗಂಡ ಸಾತಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಫಿಟ್ಟರ್. ಇಪ್ಪತ್ತೆರಡು ವರ್ಷದ ಸರ್ವಿಸ್. ಶಿಫ್ಟ್ ಮುಗಿಸಿ ಮುಂದಿನವರಿಗೆ ಮಷಿನ್ ಒಪ್ಪಿಸುವಾಗ ಅವರು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎಲ್ಲಿ ಸದ್ದು ಬಂತು, ಏನು ಬಿಚ್ಚಿದೆವು, ಏನು ಹಾಕಿದೆವು ಎಂದು. ಬಿಚ್ಚಿ ನೋಡಿದರೂ ಏನೂ ಸಿಗದಿದ್ದರೆ ‘ದೋಷ ಕಂಡುಬಂದಿಲ್ಲ, ಓಡಿಸಬಹುದು’ ಎಂದು ಬರೆದು ಸಹಿ ಹಾಕಿ ಮನೆಗೆ ಬರುತ್ತಾರೆ. ಒಳ್ಳೆಯ ಪದ್ಧತಿಯೇ. ನಾಲ್ಕು ವರ್ಷ ನನ್ನನ್ನೂ ಅವರು ಇದೇ ಪದ್ಧತಿಯಲ್ಲಿ ಓಡಿಸಿದರು.

ನನಗೆ ನಲವತ್ತೆರಡು ತುಂಬಿದ ವರ್ಷ ಮೈ ನೋಯಲು ಶುರುವಾಯಿತು. ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ, ಜ್ವರ ಬಂದಿರಲಿಲ್ಲ. ಒಂದು ದಿನ ಬೆಳಿಗ್ಗೆ ಎದ್ದಾಗ ಎರಡೂ ಭುಜ ಯಾರೋ ರಾತ್ರಿಯಿಡೀ ಕುಟ್ಟಿದ ಹಾಗಿದ್ದವು. ವಾರದ ಮೇಲೆ ಅದು ಸೊಂಟಕ್ಕೆ ಬಂತು, ಆಮೇಲೆ ಮೀನಖಂಡಕ್ಕೆ, ಆಮೇಲೆ ಬೆರಳ ಗೆಣ್ಣಿಗೆ. ಬಾಡಿಗೆಯವರ ಹಾಗೆ ಮನೆ ಬದಲಿಸುತ್ತಿತ್ತೇ ಹೊರತು ಊರು ಬಿಡಲಿಲ್ಲ. ಹಸಿ ಸೀರೆ ಹಿಂಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ರೊಟ್ಟಿ ತಟ್ಟುವಾಗ ನಾಲ್ಕನೆಯದಕ್ಕೇ ಕೈ ನಿಲ್ಲುತ್ತಿತ್ತು. ನೋಡುವವರಿಗೆ ಮಾತ್ರ ನಾನು ಗುಂಡುಕಲ್ಲಿನ ಹಾಗೆ ಕಾಣುತ್ತಿದ್ದೆ.

ಗಂಡ ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಬೇಕು. ಒಂದು ನೀಲಿ ಫೈಲು ತಂದರು. ಒಳಗಿನ ಹಾಳೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದರು. ತಾರೀಖು, ದೂರು, ಏನು ಪರೀಕ್ಷೆ, ಏನು ಬಂತು. ದಾಂಡೇಲಿ, ಧಾರವಾಡ, ಬೆಳಗಾವಿ, ಹೀಗೆ ಹಾಳೆ ತುಂಬಿತು. ಪ್ರತಿ ಡಾಕ್ಟರರ ಮುಂದೆಯೂ ನಾನು ಕುರ್ಚಿಯಲ್ಲಿ ಕೂರುತ್ತಿದ್ದೆ, ಗಂಡ ಫೈಲು ಬಿಚ್ಚಿ ಮಾತಾಡುತ್ತಿದ್ದರು. ‘ಮೊದಲ ರಕ್ತ ತಗಿಸೇವ್ರಿ, ಆಮ್ಯಾಲ ಎಕ್ಸ್‌ರೇ, ಆಮ್ಯಾಲ ಸ್ಕ್ಯಾನ್.’ ಡಾಕ್ಟರು ಹಾಳೆ ನೋಡುತ್ತಿದ್ದರು, ಒಮ್ಮೆ ನನ್ನ ಮುಖ ನೋಡುತ್ತಿದ್ದರು, ‘ಏನೂ ಇಲ್ರಿ’ ಎನ್ನುತ್ತಿದ್ದರು. ಒಬ್ಬರು ಮಾತ್ರ ಸ್ವಲ್ಪ ಮುಂದೆ ಹೋಗಿ, ‘ಮಗಳ ಮದುವಿ ಆಗೇತೇನು? ಹಂಗಾರ ಮನ್ಯಾಗ ಕೆಲಸ ಕಮ್ಮಿ ಆಗೇತಿ, ಮನಸ್ಸು ಖಾಲಿ ಐತಿ, ಅಷ್ಟ’ ಎಂದರು. ಮಗಳ ಮದುವೆಯಾಗಿ ಆಗ ಎರಡು ತಿಂಗಳಾಗಿತ್ತು, ನೋವಿಗೆ ಎರಡು ವರ್ಷ. ಅವರಿಗೆ ಲೆಕ್ಕ ತಿಳಿಸಿ ಹೇಳುವ ಶಕ್ತಿ ನನಗಿರಲಿಲ್ಲ.

ಧಾರವಾಡದ ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದು ಬಂದ ದಿನ ಗಂಡ ಒಂದು ಕಿಲೋ ಪೇಡೆ ಕಟ್ಟಿಸಿದರು. ಓಣಿಯಲ್ಲಿ ಹಂಚಿದರು. ‘ಎಲ್ಲಾ ಕ್ಲಿಯರ್ ಐತ್ರಿ’ ಎಂದು ಮನೆಮನೆಗೆ ಹೇಳಿದರು. ಅವರ ಸಂತೋಷ ನಿಜವಾದದ್ದೇ. ನನಗೆ ಏನಾದರೂ ಆಗಿಬಿಟ್ಟಿದೆಯೋ ಎಂದು ಹೆದರಿದ್ದರು, ಪಾಪ. ಆದರೆ ಅಂದಿನಿಂದ ನಾನು ‘ನೋವು’ ಎಂದರೆ ಓಣಿಯವರೆಲ್ಲ ನಕ್ಕು ಬಿಡುತ್ತಿದ್ದರು, ಪೇಡೆ ತಿಂದವರಲ್ಲವೇ. ನನಗೆ ಬಂದ ಸಿಟ್ಟಿಗೆ ಆ ಪೇಡೆಯ ಡಬ್ಬಿಯನ್ನು ಕಾಳಿ ಹೊಳೆಗೆ ಎಸೆಯಬೇಕು ಅನ್ನಿಸಿತು. ಎಸೆಯುವಷ್ಟು ತೋಳು ಮೇಲೆ ಏಳುತ್ತಿರಲಿಲ್ಲ.

ಗುಣವಾಗುವುದು ಬೇಕಿತ್ತು, ಬೇಡವಾಗಿತ್ತೆಂದು ಸುಳ್ಳೇಕೆ ಹೇಳಲಿ. ಆದರೆ ಅದಕ್ಕೂ ಮೊದಲು ‘ಹೌದು, ನಿನಗೆ ನೋಯುತ್ತಿದೆ’ ಎಂದು ಯಾರಾದರೂ ಒಬ್ಬರು ಒಂದು ಸಲ ಹೇಳಬೇಕಿತ್ತು. ನಾಲ್ಕು ವರ್ಷ ನಾನು ಕಾದದ್ದು ಆ ಒಂದು ಮಾತಿಗೆ. ಅದಿಲ್ಲದೆ ನನಗೇ ನನ್ನ ಮೇಲೆ ಅನುಮಾನ ಬರಲು ಶುರುವಾಗಿತ್ತು. ಮಧ್ಯಾಹ್ನ ಒಬ್ಬಳೇ ಇದ್ದಾಗ ಮೊಣಕೈ ಒತ್ತಿ ನೋಡಿಕೊಳ್ಳುತ್ತಿದ್ದೆ, ನಿಜವಾಗಿಯೂ ನೋಯುತ್ತದೋ ಅಥವಾ ನಾಟಕವೋ ಎಂದು.

ಆ ಮಾತಿನ ಹತ್ತಿರಕ್ಕೆ ಬಂದವರು ಒಬ್ಬರಿದ್ದರು. ತವರಿಗೆ ಮುಂಡಗೋಡಿಗೆ ಹೋದಾಗ ಅಣ್ಣ ಟಿಬೆಟನ್ ಕಾಲೊನಿಯ ವೈದ್ಯರ ಹತ್ತಿರ ಕರೆದುಕೊಂಡು ಹೋದ. ವಯಸ್ಸಾದ ಮನುಷ್ಯ. ನನ್ನ ಎರಡೂ ಕೈಯ ನಾಡಿ ಹಿಡಿದು ಕಣ್ಣು ಮುಚ್ಚಿ ಎಷ್ಟೋ ಹೊತ್ತು ಕೂತರು. ಅಷ್ಟು ಹೊತ್ತು ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಜಗಿದು ನುಂಗಬೇಕಾದ ಕಹಿ ಗುಳಿಗೆ ಕೊಟ್ಟರು. ಊರಿಗೆ ಬಂದು ಹೇಳಿದರೆ ಗಂಡ, ‘ಅದರ ರಿಪೋರ್ಟ್ ಎಲ್ಲೈತಿ?’ ಎಂದರು. ನಾಡಿ ಹಿಡಿದದ್ದಕ್ಕೆ ಕಾಗದ ಇರಲಿಲ್ಲ, ಹಾಗಾಗಿ ಅದು ಫೈಲಿಗೆ ಹೋಗಲಿಲ್ಲ. ಗುಳಿಗೆ ಮುಗಿದ ಮೇಲೆ ಮತ್ತೆ ಅಷ್ಟು ದೂರ ಹೋಗುವುದು ಆಗಲಿಲ್ಲ.

ಇನ್ನು ನಮ್ಮ ಅತ್ತೆ ಗೋದುಬಾಯಿ. ಬೆಳಗಾವಿ ಕಡೆಯವರು, ಎಪ್ಪತ್ತು ದಾಟಿದವರು, ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಐದು ಬೆಕ್ಕಿಗೆ. ಅವರ ಬಗ್ಗೆ ನನಗೆ ಅಂಥ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ನಾನು ಕೊಡ ಎತ್ತಲು ಹೋದರೆ ‘ಬಿಡ, ನಿನ್ನ ಕೈಲೆ ಆಗೂದಿಲ್ಲ’ ಎಂದು ಕಿತ್ತುಕೊಳ್ಳುತ್ತಿದ್ದರು. ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಹಂಗಿಸುವುದಕ್ಕೂ ಒಂದು ಮಿತಿ ಬೇಡವೇ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ನಾನು ಬಚ್ಚಲಲ್ಲಿ ಬಟ್ಟೆಯ ಮುಂದೆ ಸುಮ್ಮನೆ ಕೂತುಬಿಟ್ಟಿದ್ದೆ. ಗಂಡ ಮೊದಲ ಶಿಫ್ಟಿಗೆ ಹೋಗಿಯಾಗಿತ್ತು. ಅತ್ತೆ ಬಂದು ನೋಡಿದರು.

‘ಏಳ. ಸೀರಿ ಬದಲ ಮಾಡು, ಹೋಗೂಣು.’

‘ಎಲ್ಲಿಗ್ರಿ?’

‘ದುರ್ಗವ್ವನ ಕಡೆ.’

ಹಳಿಯಾಳದ ಆಚೆಯ ಒಂದು ಹಳ್ಳಿಯಲ್ಲಿ ದುರ್ಗವ್ವ ಬರೆ ಹಾಕುತ್ತಾಳೆ. ದಬ್ಬಣವನ್ನು ಒಲೆಯ ಕೆಂಡದಲ್ಲಿ ಕಾಯಿಸಿ ನೋಯುವ ಜಾಗದಲ್ಲಿ ಒಂದು ಗೆರೆ ಎಳೆಯುತ್ತಾಳೆ. ವಾಯು ಹೊರಗೆ ಹೋಗುತ್ತದೆ ಎಂಬ ನಂಬಿಕೆ. ನಾನು ಹತ್ತನೆಯ ತರಗತಿ ಓದಿದವಳು, ಅದರಲ್ಲಿ ಏನೂ ಇಲ್ಲವೆಂದು ಗೊತ್ತಿತ್ತು. ಆದರೂ ಹೋಗಿ ಕವುಚಿ ಮಲಗಿದೆ. ಅತ್ತೆ ತಲೆಯ ಹತ್ತಿರ ಕೂತು ನನ್ನ ಎರಡೂ ಕೈ ಹಿಡಿದುಕೊಂಡರು. ಚರ್ಮ ಸುಟ್ಟ ವಾಸನೆ ಬಂತು. ಮನೆಗೆ ಬಂದ ಮೇಲೆ ಮೂರು ದಿನ ಸುಟ್ಟ ಜಾಗದ ಉರಿ ಎಷ್ಟಿತ್ತೆಂದರೆ ಹಳೆಯ ನೋವು ಅದರ ಕೆಳಗೆ ಮುಚ್ಚಿಹೋಗಿತ್ತು. ಆ ಮೂರು ದಿನದ ಆಸೆಗೆ ಮತ್ತೆ ಹೋದೆ. ಒಂದೂವರೆ ವರ್ಷದಲ್ಲಿ ಆರು ಸಲ. ಪ್ರತಿ ಸಲವೂ ಅತ್ತೆಯೇ ಕರೆದುಕೊಂಡು ಹೋದರು, ಅವರೇ ಕೈ ಹಿಡಿದರು. ಗಂಡನಿಗೆ ಇಬ್ಬರೂ ಹೇಳಲಿಲ್ಲ. ಶಿಫ್ಟಿನವರ ಮನೆಯಲ್ಲಿ ಗಂಡ ಹೆಂಡತಿಯ ಬೆನ್ನು ನೋಡುವುದು ಹಬ್ಬಕ್ಕೊಮ್ಮೆ, ಹಾಗಾಗಿ ಮುಚ್ಚಿಡುವುದು ಕಷ್ಟವಾಗಲಿಲ್ಲ.

ಏಳನೆಯ ಸಲ ಹೋದಾಗ ದುರ್ಗವ್ವ ದಬ್ಬಣ ಕೆಳಗಿಟ್ಟಳು.

‘ಇದು ನನ್ನ ಕೈಗೆ ಬಗ್ಗೂದಲ್ಲ ತಂಗಿ. ಸುಮ್ಮನ ಯಾಕ ಸುಡಿಸಿಕೋತಿ? ಹಳಿಯಾಳದಾಗ ಶಾಂತಾದೇವಿ ಡಾಕ್ಟರ್ ಅದಾರ, ಅವರ ಕಡೆ ಹೋಗು. ನನ್ನ ಮಣಕಾಲಿಗೂ ಅವರ ಗುಳಿಗೀನ ತಿಂತೇನಿ.’

ಊರ ಮಂದಿಗೆಲ್ಲ ಬರೆ ಹಾಕುವವಳು ತನ್ನ ಮೊಣಕಾಲಿಗೆ ಗುಳಿಗೆ ತಿನ್ನುತ್ತಿದ್ದಳು. ನಗಬೇಕೋ ಬೈಯಬೇಕೋ ತಿಳಿಯದೆ ನಾನು ಅತ್ತೆಯ ಮುಖ ನೋಡಿದೆ. ಅವರು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ಮುಂದಿನ ವಾರದ ರಜೆಗೆ ಗಂಡನನ್ನು ಒಪ್ಪಿಸಿದೆ. ಹಾಳೆಯಲ್ಲಿ ಇನ್ನೊಂದು ಸಾಲಿಗೆ ಜಾಗವಿದೆ ಎಂದು ನೋಡಿ ಹೊರಟರು.

ಶಾಂತಾದೇವಿಯವರ ದವಾಖಾನೆ ಹಳಿಯಾಳದ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಹಿಂದೆ, ಒಂದೇ ಕೋಣೆ. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಗಂಡ ಎಂದಿನಂತೆ ಫೈಲು ಬಿಚ್ಚಿ ‘ಮೊದಲ ರಕ್ತ ತಗಿಸೇವ್ರಿ’ ಎಂದು ಶುರು ಮಾಡಿದರು.

‘ನೋವು ಯಾರಿಗ್ರಿ?’ ಡಾಕ್ಟರು ಕೇಳಿದರು.

‘ಈಕಿಗ್ರಿ.’

‘ಹಂಗಾರ ಈಕಿನ ಹೇಳ್ಲಿ. ನೀವು ಕೂಡ್ರಿ.’ ನನ್ನ ಕಡೆ ತಿರುಗಿದರು. ‘ಹೆಸರೇನ್ರಿ?’ ಹೇಳಿದೆ. ‘ದ್ರಾಕ್ಷಾಯಣಿ. ಹಾಂ. ಮುಂಜಾನೆ ಕಣ್ಣು ತಗದಾಗಿಂದ ಹೇಳ್ರಿ. ಗಡಿಬಿಡಿ ಏನಿಲ್ಲ.’

ನಾನು ಹೇಳಿದೆ. ಹಾಸಿಗೆಯಿಂದ ಏಳುವುದು, ಹಲ್ಲುಜ್ಜುವಾಗ ಮಣಿಕಟ್ಟು, ಹಿಟ್ಟು ನಾದುವಾಗ ಬೆರಳು, ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗದಿರುವುದು. ನಡುವೆ ಗಂಡ ‘ಅಲ್ಲ, ಅದು ಬಲಗೈ’ ಎಂದು ತಿದ್ದಲು ಬಂದರು. ಡಾಕ್ಟರು ಕನ್ನಡಕದ ಮೇಲಿಂದ ನೋಡಿದ್ದಕ್ಕೆ ಸುಮ್ಮನಾದರು. ನಾನು ಮಧ್ಯಾಹ್ನದ ಊಟದವರೆಗೆ ಬರುವಷ್ಟರಲ್ಲಿ ಹೊರಗೆ ನಾಲ್ಕು ಜನ ಬಂದು ಕೂತಿದ್ದರು. ಡಾಕ್ಟರು ‘ಮುಂದ?’ ಎಂದರು. ನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ರಾತ್ರಿ ಮಲಗುವವರೆಗೂ ಹೇಳಿದೆ.

ಆಮೇಲೆ ಪರದೆಯ ಹಿಂದೆ ಮಲಗಿಸಿ ಪರೀಕ್ಷೆ ಮಾಡಿದರು. ಭುಜ, ಕುತ್ತಿಗೆ, ಸೊಂಟ ಒಂದೊಂದೇ ಒತ್ತಿ, ಪ್ರತಿ ಸಲವೂ ನನ್ನ ಮುಖ ನೋಡಿದರು. ಬೆನ್ನು ತಿರುಗಿಸಿದಾಗ ಅವರ ಕೈ ನಿಂತಿತು.

‘ಇವು ಎಷ್ಟ ಅದಾವು?’

‘ಆರು.’

‘ಅವರಿಗೆ ಗೊತ್ತಿಲ್ಲ?’

ಇಲ್ಲವೆಂದೆ. ‘ಕರೀಲೇನು?’ ಎಂದು ಕೇಳಿದರು. ಹೂಂ ಎಂದೆ.

ಗಂಡ ಪರದೆ ಸರಿಸಿ ಒಳಗೆ ಬಂದರು. ‘ಎಣಸ್ರಿ’ ಎಂದರು ಡಾಕ್ಟರು. ನಾನು ಕವುಚಿ ಮಲಗಿದ್ದೆ, ಅವರ ಮುಖ ನನಗೆ ಕಾಣಲಿಲ್ಲ. ಒಂದು, ಎರಡು ಎಂದು ಸಣ್ಣ ದನಿಯಲ್ಲಿ ಎಣಿಸುವುದು ಕೇಳಿಸಿತು. ನಾಲ್ಕಾದ ಮೇಲೆ ದನಿ ನಿಂತಿತು. ಡಾಕ್ಟರು, ‘ಇನ್ನೂ ಎರಡ ಅದಾವ, ಕೆಳಗ’ ಎಂದರು.

‘ಇಲ್ಲದ ನೋವಿಗೆ ಯಾರರ ಆರ ಸಲ ಸುಡಿಸಿಕೋತಾರೇನ್ರಿ?’

ಗಂಡನ ಕೈಯಲ್ಲಿ ಫೈಲಿನ ಹಾಳೆ ಸರಿದ ಸದ್ದಾಯಿತು.

‘ನಿಮ್ಮ ಫೈಲಿನ್ಯಾಗ ಇದು ಯಾವ ಸಾಲಿನ್ಯಾಗ ಐತಿ, ತೋರಸ್ರಿ.’

ನಾನು ಸೀರೆ ಸರಿಮಾಡಿಕೊಂಡು ಬಂದು ಕೂತ ಮೇಲೆ ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ‘ನೋಡ್ರಿ, ನಿಮಗ ನೋವೈತಿ. ಫೋಟೋದಾಗ ಬರದ ನೋವು ಭಾಳ ಅದಾವು. ಯಾಕ ಬಂತು ಅಂತ ನನಗೂ ಗೊತ್ತಿಲ್ಲ. ಪೂರ್ತಿ ಹೋಗ್ತೈತಿ ಅಂತ ನಾ ಹೇಳೂದಿಲ್ಲ, ಕಮ್ಮಿ ಮಾಡೂಣು. ನಿದ್ದಿಗೆ ಒಂದು ಸಣ್ಣ ಗುಳಿಗಿ ಕೊಡ್ತೇನಿ. ದಿನಾ ಹತ್ತು ನಿಮಿಷ ಅಡ್ಡಾಡ್ರಿ, ಹತ್ತ, ಹೆಚ್ಚ ಬ್ಯಾಡ. ರೊಟ್ಟಿ ನಾಕು ತಟ್ಟಿದ ಮ್ಯಾಲೆ ಕುಂದ್ರಿ, ಆಮ್ಯಾಲ ಮತ್ತ ನಾಕು. ಬರಿ ಇನ್ನ ಒಂದೂ ಬ್ಯಾಡ. ಹದಿನೈದು ದಿನಕ್ಕೊಮ್ಮೆ ಬರ್ರಿ.’

‘ಏನೂ ಫರಕ ಆಗಲಿಲ್ಲಂದ್ರ?’ ನಾನು ಕೇಳಿದೆ.

‘ಆಗಲಿಲ್ಲಂದ್ರೂ ಬರ್ರಿ. ಆಗಿಲ್ಲ ಅಂತ ಹೇಳಾಕ ಬರ್ರಿ.’

ಆಗ ನನಗೆ ಅಳು ಬಂತು. ಹೊರಗೆ ಕೂತ ನಾಲ್ವರಿಗೂ ಕೇಳಿಸುವಷ್ಟು ಬಂತು. ಡಾಕ್ಟರು ನಿಲ್ಲಿಸಲಿಲ್ಲ, ನೀರಿನ ಲೋಟವನ್ನು ಹತ್ತಿರಕ್ಕೆ ಸರಿಸಿ ಚೀಟಿ ಬರೆಯುತ್ತಾ ಕೂತರು.

ಬಸ್ಸಿನಲ್ಲಿ ಗಂಡ ಕಿಟಕಿಯ ಕಡೆ ಕೂತರು, ಫೈಲು ತೊಡೆಯ ಮೇಲೆ. ಊರು ಮುಗಿದು ಕಾಡು ಶುರುವಾದ ಮೇಲೆ ಬಾಯಿಬಿಟ್ಟರು.

‘ನನಗ್ಯಾಕ ಹೇಳಲಿಲ್ಲ?’

‘ಏನಂತ?’

‘ಬರಿ ಹಾಕಿಸಿಕೊಂಡಿದ್ದು.’

‘ನೋವೈತಿ ಅಂತ ನಾಕು ವರ್ಷ ಹೇಳೇನಲ್ಲ. ಅದನ್ನ ಕೇಳಿದ್ರೇನು?’

ಮಾತು ಚುಚ್ಚಲಿ ಎಂದೇ ಹೇಳಿದೆ. ಚುಚ್ಚಿತು. ಅವರು ಕಿಟಕಿಯ ಆಚೆ ನೋಡುತ್ತಾ, ‘ರಿಪೋರ್ಟಿನ್ಯಾಗ ಇಲ್ಲಂದ್ರ ಇಲ್ಲ ಅಂದಕೊಂಡ್ನಿ. ತಪ್ಪಾತು’ ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಸಮಾಧಾನವಾಗಬೇಕಿತ್ತು. ಅರ್ಧ ಆಯಿತು, ಇನ್ನರ್ಧ ಸಿಟ್ಟು ಹಾಗೇ ಉಳಿಯಿತು.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಹತ್ತಿರ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತದೆ ಕೇಳಿದರು.

‘ಏನಂದ್ರು ಡಾಕ್ಟರು?’

ಗಂಡ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತರು. ಬಹಳ ದೊಡ್ಡ ಸುದ್ದಿ ಹೇಳುವವರ ಹಾಗೆ ಗಂಟಲು ಸರಿ ಮಾಡಿಕೊಂಡರು.

‘ಈಕಿಗೆ ಖರೇನ ನೋವೈತಂತ, ಅವ್ವಾ.’

ಅತ್ತೆ ಒಂದು ಹರಳು ಆರಿಸಿ ಹೊರಗೆ ಎಸೆದರು.

‘ಅದನ್ನ ಕೇಳಾಕ ಹಳಿಯಾಳದ ತನಕ ಹೋಗಿದ್ರೇನು? ಮನ್ಯಾಗ ಕೇಳಿದ್ರ ನಾ ಹೇಳ್ತಿದ್ದಿಲ್ಲೇನು?’

ನನಗೆ ಸಿಟ್ಟು ನೆತ್ತಿಗೇರಿತು. ನಾನು ಊರೂರು ತಿರುಗಿ ಬೇಡಿದ ಮಾತನ್ನು ಇವರು ನಾಲ್ಕು ವರ್ಷ ಪಕ್ಕದ ಕೋಣೆಯಲ್ಲಿ ಇಟ್ಟುಕೊಂಡು ಕೂತಿದ್ದರು.

‘ಗೊತ್ತಿತ್ತಲ್ಲ ನಿಮಗ? ಮತ್ತ ಯಾಕ ಒಂದ ದಿನಾನೂ ಹೇಳಲಿಲ್ರಿ ಅತ್ತಿ?’ ಎಂದೆ. ಕೂಗಿಯೇ ಕೇಳಿದೆ.

ಅವರು ಮೊರ ಕೆಳಗಿಟ್ಟರು. ಮೊದಲ ಸಲ ನನ್ನ ಕಡೆ ನೆಟ್ಟಗೆ ನೋಡಿದರು. ಅವರಿಗೂ ಸಿಟ್ಟು ಬಂದಿತ್ತು.

‘ಆರ ಸಲ ಕರಕೊಂಡ ಹೋದ್ನಿ. ಆರ ಸಲ ನಿನ್ನ ಕೈ ಹಿಡಕೊಂಡ ಕುಂತ್ನಿ. ಇನ್ನ ಹೆಂಗ ಹೇಳಬೇಕಿತ್ತವಾ?’

ನಾನು ಅವರ ಪಕ್ಕಕ್ಕೆ ಹೋಗಿ ಕೂತೆ. ಮೊರದ ಇನ್ನೊಂದು ಅಂಚನ್ನು ಅವರು ನನ್ನ ಮಡಿಲಿಗೆ ಸರಿಸಿದರು. ಎಡಭುಜ ನೋಯುತ್ತಿತ್ತು, ಅದನ್ನು ಅವರಿಗೆ ಹೇಳಿದೆ.