ಜೇನು ಬಾರದ ಕುಂಬಳಬಳ್ಳಿ

ಬಳ್ಳಿಯ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ಹೂವಿನ ಹಿಂದೆ ಗೋಲಿಯಷ್ಟು ಮಿಡಿ ಕಾಣಿಸುತ್ತಿತ್ತು, ನಾಲ್ಕು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಹೈದರಾಬಾದಿನ ಮಣಿಕೊಂಡದ ಖಾಲಿ ಪ್ಲಾಟಿನಲ್ಲಿ ಬೂದೆಪ್ಪ ಹಾಕಿದ್ದ ಕುಂಬಳಬಳ್ಳಿಯ ಪಾಡು ಇದು.

ಬೂದೆಪ್ಪ ಯಾದಗಿರಿ ಕಡೆಯವನು. ಹನ್ನೆರಡು ವರ್ಷ ಇಲ್ಲೇ ಗೌಂಡಿ ಕೆಲಸ ಮಾಡಿದ. ಹೋದ ವರ್ಷ ಸಾರವೆಯಿಂದ ಬಿದ್ದು ಕಾಲು ಮುರಿದ ಮೇಲೆ ಗೋಡೆ ಕಟ್ಟುವುದು ನಿಂತಿತು. ಈಗ ಪ್ಲಾಟು ಕಾಯುತ್ತಾನೆ, ಅಲ್ಲೇ ತಗಡಿನ ಮನೆ. ಊರಲ್ಲಿದ್ದಾಗ ಅವನ ಕೈಗುಣ ಹೆಸರುವಾಸಿ. ಬೂದೆಪ್ಪ ಬೀಜ ಊರಿದರೆ ಕಲ್ಲಿನ ಮೇಲೂ ಬಳ್ಳಿ ಹಬ್ಬುತ್ತದೆ ಎನ್ನುತ್ತಿದ್ದರು. ಅದಕ್ಕೇ ಈ ಉದುರುವ ಮಿಡಿಗಳು ಅವನಿಗೆ ಅಷ್ಟು ನೋವು ಕೊಟ್ಟವು.

"ಕಾಲಿನ ಜೋಡಿ ಕೈಗುಣಾನೂ ಹೋತು ನೋಡು," ಎಂದು ಹೆಂಡತಿ ಶಂಕ್ರಮ್ಮನಿಗೆ ಹೇಳಿದ. "ಇನ್ನ ಮುಂದ ಒಂದು ಬೀಜಾನೂ ಮುಟ್ಟೂದಿಲ್ಲ."

"ಹಂಗ ಅನಬ್ಯಾಡ್ರಿ. ಗಂಗಾನ್ನ ಕರೀತೀನಿ, ಆಕಿಗೆ ಗಿಡದ ವಿಚಾರ ಗೊತ್ತೈತಿ."

ಗಂಗಾ ಪಕ್ಕದ ಶೆಡ್ಡಿನವಳು. ಕೊಡಗಿನ ಕಾಫಿ ತೋಟದಲ್ಲಿ ಏಳು ವರ್ಷ ದುಡಿದು ಬಂದು, ಈಗ ಇಲ್ಲೊಂದು ಅಪಾರ್ಟ್‌ಮೆಂಟಿನ ಗಿಡ ನೋಡಿಕೊಳ್ಳುತ್ತಾಳೆ. ಭಾನುವಾರ ಮುಂಜಾನೆ ಅವಳು ಬಂದಾಗ ಬೂದೆಪ್ಪ ಉದ್ದ ಬಿದಿರಿಗೆ ಗೋಣಿಚೀಲ ಸುತ್ತುತ್ತಿದ್ದ. ಪಕ್ಕದಲ್ಲಿ ಡೀಸೆಲ್ ಡಬ್ಬಿ. ಬಳ್ಳಿಯ ಮೇಲೆ, ಕಟ್ಟಡದ ಧೂಳು ಹಾರದಂತೆ ಕಟ್ಟುತ್ತಾರಲ್ಲ, ಆ ಹಸಿರು ನೆಟ್ ಹಾಸಿತ್ತು.

"ಬಳ್ಳಿಗೆ ಮುಸುಕು ಯಾರು ಹಾಕ್ಯಾರ?" ಎಂದಳು ಗಂಗಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ನಾ ಏನೂ ತಪ್ಪು ಮಾಡಿಲ್ಲವ್ವಾ," ಎಂದ ಬೂದೆಪ್ಪ ಮೊದಲಿಗೇ. "ಎದುರಿನ ಬಿಲ್ಡಿಂಗಿನಾಗ ಹೆಜ್ಜೇನು ಕಟ್ಟ್ಯಾವ. ಮುಂಜಾನೆದ್ದು ಬಂದು ಹೂವಿನ ಸಾರ ಎಲ್ಲಾ ಹೀರತಿದ್ದುವು. ಸಾರ ಹೋದ ಮ್ಯಾಲ ಕಾಯಿ ಎಲ್ಲಿಂದ ಬರಬೇಕು? ಅದಕ್ಕ ಮೊದಲ ಹೂವು ಬಿಟ್ಟಾಗಿಂದ ನಸುಕಿನ್ಯಾಗ ನೆಟ್ ಹೊಚ್ಚತೀನಿ, ಮಧ್ಯಾಹ್ನ ತಗೀತೀನಿ. ಆದ್ರೂ ಮಿಡಿ ಉದುರಾಕತ್ತಾವ, ಇವತ್ತ ಆ ಜೇನುಹುಟ್ಟಿಗೇ ಬೆಂಕಿ ಹಚ್ಚತೀನಿ. ಅಲ್ಲಿನ ಸೂಪರ್‌ವೈಸರ್ ವಿಜಯಕುಮಾರನೂ ಸುಡು ಅಂದಾನ."

ಗಂಗಾ ನೆಟ್ ಸರಿಸಿ ಎರಡು ಹೂವು ತೋರಿಸಿದಳು. "ಅಣ್ಣಾ, ಇದು ಗಂಡುಹೂವು, ಬರೇ ದೇಟು. ಇದು ಹೆಣ್ಣುಹೂವು, ಹಿಂದ ಮಿಡಿ ಐತಿ. ಗಂಡಿನ ಹಳದಿ ಪುಡಿ ಹೆಣ್ಣಿಗೆ ಮುಟ್ಟಿದ್ರ ಮಾತ್ರ ಕಾಯಿ ನಿಂದರತೈತಿ. ಮುಟ್ಟಿಸೋರು ಯಾರು?"

"ಗಾಳಿ ಐತೆಲ್ಲ."

"ಈ ಪುಡಿ ಅಂಟು, ಗಾಳಿಗೆ ಹಾರೂದಿಲ್ಲ. ಜೇನಹುಳಾನೇ ಮೈಗೆ ಅಂಟಿಸ್ಕೊಂಡು ಹೊರಬೇಕು. ಸಾರ ಅಂತೀರಲ್ಲ, ಅದು ಅವುಕ್ಕ ಊಟ. ಮದುವಿ ಮಾಡ್ಸಾಕ ಬಂದೋರಿಗೆ ಬಾಗಲಾ ಹಾಕಿ, ಕೂಸು ಯಾಕ ಹುಟ್ಟವಲ್ದು ಅಂತ ಅಳಾಕತ್ತೀರಿ ನೀವು."

ಶಂಕ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬೂದೆಪ್ಪ ನಗಲಿಲ್ಲ. "ಇಷ್ಟು ಸಣ್ಣ ಹುಳದಿಂದ ಬೆಳಿ ಬರತೈತಿ ಅಂದ್ರ ಯಾರು ನಂಬತಾರ?"

"ಕಾಫಿ ಸಾಹುಕಾರರು ನಂಬತಾರ," ಎಂದಳು ಗಂಗಾ. "ಕಾಫಿ ಹೂವು ಎರಡ್ಮೂರು ದಿನ ಅಷ್ಟೇ ಇರತೈತಿ. ಅವಾಗ ನಮ್ಮ ತ್ವಾಟದಾಗ ಗಿಡಕ್ಕ ಔಷಧಿ ಹೊಡಿಯೂದು ಪೂರ್ತಿ ಬಂದ್. ಹೆಜ್ಜೇನು ಕಟ್ಟೋ ದೊಡ್ಡ ಮರಕ್ಕ ಕೊಡ್ಲಿ ಹಾಕಾಕ ಬಿಡ್ತಿದ್ದಿಲ್ಲ. ರೋಬಸ್ಟಾ ಅಂತ ಒಂದು ಕಾಫಿ, ಅದಕ್ಕ ತನ್ನ ಪುಡಿ ತನಗ ಆಗೂದಿಲ್ಲ, ಬ್ಯಾರೆ ಗಿಡದ್ದು ಬೇಕು. ಕಾಡಿನ ಜೇನು ಭಾಳ ಬಂದ ಕಡೆ ಟೊಂಗಿ ತುಂಬ ಕಾಯಿ ಹಿಡೀತಿದ್ದುವು. ಏಳು ವರ್ಷ ನಾನ ಬಿಡಿಸೀನಿ."

ಬೂದೆಪ್ಪ ಇನ್ನೂ ಬಿದಿರು ಬಿಟ್ಟಿರಲಿಲ್ಲ. ಗಂಗಾ ಒಂದು ಗಂಡುಹೂವು ಕಿತ್ತು, ಎಸಳು ಸುಲಿದು, ನಡುವಿನ ಹಳದಿ ಕಡ್ಡಿಯನ್ನು ಅವನ ಕೈಗೇ ಕೊಟ್ಟಳು. "ಹೆಣ್ಣುಹೂವಿನ ನಡುವ ಮೆಲ್ಲಕ ಒರಸ್ರಿ. ಎರಡು ಹೂವಿಗೆ ಮಾಡಿ ದಾರ ಕಟ್ರಿ. ಐದು ದಿನ ನೋಡ್ರಿ. ಅಲ್ಲೀತನಕ ಆ ಹುಟ್ಟು ಮುಟ್ಟಬ್ಯಾಡ್ರಿ."

ಅಷ್ಟಕ್ಕೆ ಅವನು ಒಪ್ಪಿ, ಎರಡು ಹೂವಿಗೆ ಒರೆಸಿ ದಾರ ಕಟ್ಟಿದ. ಆದರೂ ಹಟ ಬಿಡದೆ ನೆಟ್ ಹೊಚ್ಚುತ್ತಲೇ ಇದ್ದ. ಐದನೆಯ ಮುಂಜಾನೆ ನೋಡಿದರೆ ಉಳಿದ ಮಿಡಿಗಳೆಲ್ಲ ನೆಲದಲ್ಲಿ. ದಾರ ಕಟ್ಟಿದ ಎರಡು ಮಾತ್ರ ನಿಂಬೆಹಣ್ಣಿನಷ್ಟಾಗಿ, ಹಸಿರಾಗಿ, ಗಟ್ಟಿಯಾಗಿ ನಿಂತಿದ್ದವು. ಬೂದೆಪ್ಪ ಮಣ್ಣಿನ ಮೇಲೇ ಕೂತುಬಿಟ್ಟ. ಒಂದು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ ಕಣ್ಣು ತುಂಬಿತು.

"ನನ್ನ ಕೈ ಕೆಟ್ಟಿಲ್ಲ, ಶಂಕ್ರಿ."

"ಕೈ ಎಲ್ಲಿ ಕೆಟ್ಟಿತ್ರಿ? ತಿಳವಳಿಕಿ ಕಡಿಮಿ ಬಿದ್ದಿತ್ತು," ಎಂದಳು ಶಂಕ್ರಮ್ಮ, ಅವಳ ಕಣ್ಣೂ ಒದ್ದೆಯಾಗಿತ್ತು.

ನೆಟ್ ತೆಗೆದು ಮಡಚಿಟ್ಟು ಬೂದೆಪ್ಪ ಕುಂಟುತ್ತ ಎದುರಿನ ಬಿಲ್ಡಿಂಗಿಗೆ ನಡೆದ. "ನಾ ಸುಡೂದಿಲ್ರಿ," ಎಂದ.

"ಮಕ್ಕಳಿಗೆ ಕಡಿದ್ರ?" ಎಂದ ವಿಜಯಕುಮಾರ.

ಗಂಗಾ ಹೇಳಿಕೊಟ್ಟದ್ದನ್ನು ಬೂದೆಪ್ಪ ಒಪ್ಪಿಸಿದ. "ಬೆಂಕಿ ಹಚ್ಚಿದ್ರನ ಅವು ಸಿಟ್ಟಿಗೆದ್ದು ಕಡಿಯೂದು. ಕಲ್ಲು ಒಗೀಬ್ಯಾಡ್ರಿ. ಹುಟ್ಟಿನ ಹತ್ರದ ಲೈಟ್ ಆರಸ್ರಿ, ಆ ಕಡೆ ಮಕ್ಕಳು ಹೋಗದಂಗ ಹಗ್ಗ ಕಟ್ರಿ. ಹೂವಿನ ಕಾಲ ಮುಗದ ಮ್ಯಾಲ ಹೆಜ್ಜೇನು ತಾವ ಎದ್ದು ಹೋಗ್ತಾವ. ಭಾಳ ಅಡಚಣಿ ಆದ್ರ, ಕೊಲ್ಲದಂಗ ಬ್ಯಾರೆ ಕಡೆ ಸಾಗಿಸೋರು ಇರತಾರ, ಅವರನ್ನ ಕರಸ್ರಿ."

ವಿಜಯಕುಮಾರ ಬಿಲ್ಡಿಂಗಿನ ಮನೆಯವರನ್ನೆಲ್ಲ ಕೇಳಿ, ತುಸು ಗೊಣಗಿ, ಹಗ್ಗ ಕಟ್ಟಿಸಿದ. ಮರುದಿನವೇ ಬಳ್ಳಿಯ ಮೇಲೆ ಜೇನಿನ ಗುಂಯ್ ಸದ್ದು. ತಿಂಗಳೊಳಗೆ ಹನ್ನೊಂದು ಕಾಯಿ ನಿಂತವು. ಬೀಜ ಮುಟ್ಟುವುದಿಲ್ಲ ಎಂದಿದ್ದ ಬೂದೆಪ್ಪ ಇವತ್ತು ಹೀರೆ ಬೀಜ ತರಲು ಬಸ್ಸು ಹತ್ತಿ ಮೆಹದಿಪಟ್ಟಣಂ ಮಾರ್ಕೆಟ್ಟಿಗೆ ಹೋಗಿದ್ದಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಳ್ಳಿಯ ಮಿಡಿ ಉದುರುತ್ತಿದ್ದರೆ ದೃಷ್ಟಿ ತೆಗೆಯುವ ಮೊದಲು ಒಂದು ಮುಂಜಾನೆ ಹೂವಿನ ಬಳಿ ನಿಂತು ನೋಡಿ. ಜೇನು ಬರುತ್ತಿದೆಯೇ? ಹೂ ಬಿಟ್ಟ ಗಿಡಕ್ಕೆ ಔಷಧಿ ಹೊಡೆಯಬೇಡಿ. ಜೇನುಹುಟ್ಟಿಗೆ ಬೆಂಕಿ ಇಡಲು ಹೊರಟವರನ್ನು ಕೂರಿಸಿ ಈ ಕಥೆ ಹೇಳಿ. ಕೊಡಗಿನ ಕಾಫಿ ಇರಲಿ, ಮಣಿಕೊಂಡದ ಕುಂಬಳವಿರಲಿ, ನಮ್ಮ ಕೈ ಬಿತ್ತುತ್ತದೆ ಅಷ್ಟೆ. ಕಾಯಿ ಕಟ್ಟಲು ಜೇನು ಬರಬೇಕು, ಬರುವ ದಾರಿಯನ್ನು ನಾವು ಮುಚ್ಚಬಾರದು.