ಬೂದು ಬಣ್ಣ ಒಳಗಿದೆ

ನಮ್ಮ ಭಾವ ಯಾವ ಗೋಡೆಯನ್ನೂ ಮುಟ್ಟದೆ ದಾಟಿದವರಲ್ಲ. ಸ್ವಂತದ್ದಿರಲಿ, ಪರರದ್ದಿರಲಿ, ಎದುರಿಗೊಂದು ಗೋಡೆ ಸಿಕ್ಕಿತೆಂದರೆ, ಜ್ವರದ ಮಗುವಿನ ಹಣೆಗೆ ತಾಯಿ ಕೈಯಿಡುವ ಹಾಗೆ ಬಲಗೈ ಬೆರಳಿನ ಬೆನ್ನನ್ನು ಒಮ್ಮೆ ಇಟ್ಟು, ಹಸಿಯೋ ಒಣಗಿದೆಯೋ ತಿಳಿದುಕೊಂಡ ಮೇಲೆಯೇ ಮುಂದಿನ ಹೆಜ್ಜೆ. ಬಣ್ಣ ಹೊಡೆಯುವ ಕೆಲಸದಲ್ಲಿ ನಲವತ್ತು ವರ್ಷ ಏಣಿ ಹೊತ್ತ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಬರಿಗೈಯಲ್ಲಿ ನಡೆಯುವಾಗಲೂ ಬೀದಿಯ ತಿರುವು ಬಂದರೆ, ಇಲ್ಲದ ಏಣಿ ಯಾರಿಗಾದರೂ ತಗುಲೀತೆಂಬಂತೆ ಅಗಲವಾಗಿ ಸುತ್ತಿ ಹೋಗುವರು. ಮೈಮೇಲಿನ ಕಂದು ಕೋಟಿನ ಜೇಬುಗಳು ಬಣ್ಣ ಕುಡಿದು ಕುಡಿದು ತಗಡಿನಂತಾಗಿ, ಕೂತಾಗ ಟಕ್ಕೆನ್ನುತ್ತಿದ್ದವು. ಮಾತು ಕಡಿಮೆ. ಜಗಳವಾಗಲಿ, ಜ್ವರವಾಗಲಿ, ಅವರ ವೇದಾಂತವೆಲ್ಲ ಎರಡೇ ಪದ: "ಒಣಗ್ಲಿ ಬಿಡು." ನನ್ನ ಯಜಮಾನರು ತೀರಿಕೊಂಡ ಮನೆಗೆ ಬಂದು ಮೂರು ದಿನ ಗೋಡೆಗೊರಗಿ ಕೂತಿದ್ದರಲ್ಲ, ಆಗ ಮಾತ್ರ ಆ ಎರಡು ಪದವೂ ಬಾಯಿಂದ ಹೊರಡಲಿಲ್ಲ.

ಅವರಿಗೊಂದು ಹಟವಿತ್ತು. ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಚೆಲ್ಲುವುದು ಅನ್ನ ಚೆಲ್ಲಿದಷ್ಟೇ ಪಾಪ. ಹಾಗಾಗಿ ಒಂದೊಂದು ಕೆಲಸ ಮುಗಿದಾಗಲೂ ಉಳಿದದ್ದನ್ನು ತಮ್ಮ ಹಳೆಯ ವ್ಯಾನಿಗೆ ಬಳಿದುಬಿಡುವರು. ಶಾಲೆಯ ಹಸಿರು ಬಲಬದಿಗೆ, ಔಷಧದಂಗಡಿಯ ಹಳದಿ ಬೆನ್ನಿಗೆ, ಮಿಕ್ಕದ್ದು ಅಡಿಗೆ. "ಮೇಲೆ ಹೊಡೆದದ್ದು ಅಂದಕ್ಕೆ, ಅಡಿಗೆ ಹೊಡೆದದ್ದು ಆಯುಸ್ಸಿಗೆ" ಎನ್ನುತ್ತಿದ್ದರು. ವ್ಯಾನಿಗೂ ತುಕ್ಕೆಂಬುದು ಗೊತ್ತಿರಲಿಲ್ಲ.

ನಾನು ಒಬ್ಬಳೇ ಆದೆನೆಂದು ಅಕ್ಕ ಭಾವ ತಮ್ಮ ರಾಜ್ಯದ ಮನೆ ಖಾಲಿ ಮಾಡಿ, ಎರಡು ಏಣಿ, ಒಂದು ಹೊಲಿಗೆ ಯಂತ್ರ ಹೇರಿಕೊಂಡು ಅದೇ ವ್ಯಾನಿನಲ್ಲಿ ನನ್ನ ಮನೆಗೆ ಬಂದರು. ಹಳೆಯ ಊರಿನ ಸಾರಿಗೆ ಕಚೇರಿ ಗಾಡಿಗೆ ಕೊಟ್ಟ ನಿರಾಕ್ಷೇಪಣಾ ಪತ್ರ ಜೇಬಿನಲ್ಲಿತ್ತು. ಅದರ ಅವಧಿಯೊಳಗೆ ಗಾಡಿಗೆ ಈ ರಾಜ್ಯದ ನಂಬರು ಆಗಬೇಕು. ಅಕ್ಕ ನನ್ನನ್ನು ಒಲೆಯ ಬಳಿ ಕರೆದು ಮೆಲ್ಲಗೆ ಹೇಳಿದಳು: "ಗಾಡಿ ಇಲ್ಲಿ ನಿಂತ್ರೆ ನಾವೂ ನಿಂತೆವು ಕಣೆ. ಅದಿಲ್ದೆ ಇವರಿಗೆ ಕೆಲಸ ಇಲ್ಲ, ಕೆಲಸ ಇಲ್ದೆ ಇವರು ತಿಂಗಳೂ ಬದುಕಲ್ಲ. ಆಗದಿದ್ರೆ ವಾಪಸ್ ಹೋಗೋದೇ." ಅಂದಿನಿಂದ ಆ ಬಣ್ಣಬಣ್ಣದ ಗಾಡಿಯನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಇಲ್ಲಿಯ ಸಾರಿಗೆ ಕಚೇರಿಗೆ ಭಾವನವರ ಜೊತೆಗೆ ಹೋದವಳು ನಾನು. ಮೊದಲ ಕಿಟಕಿಯವನು ತಪಾಸಣೆಯ ಚೀಟಿ ತನ್ನಿ ಎಂದ. ತಪಾಸಣೆಯ ಚೀಟಿ ಕೊಡುವ ಮೂರನೇ ಕಿಟಕಿಯವಳು, ಮೊದಲ ಕಿಟಕಿಯ ಮೊಹರಿಲ್ಲದೆ ಹೇಗೆ ಕೊಡಲಿ ಎಂದಳು. ಮೊಹರು ಹಾಕುವವನು ಊಟಕ್ಕೆ ಹೋಗಿದ್ದ. ಬಂದವನು, ಇದು ಈ ಕಟ್ಟಡದ ಕೆಲಸವೇ ಅಲ್ಲ ಎಂದ. ಆ ಕಟ್ಟಡದವರು ಮತ್ತೆ ಮೊದಲ ಕಿಟಕಿಗೇ ಕಳಿಸಿದರು. ಓದು ಬಾರದ ನನಗೆ ತಲೆ ತಿರುಗಿದ್ದು ಸಹಜ. ಮೂರು ರಾಜ್ಯದ ಅಂಗಡಿ ಬೋರ್ಡು ಬರೆದ ಭಾವನವರೂ ಕಣ್ಣು ಕಟ್ಟಿ ಕಾಡಿಗೆ ಬಿಟ್ಟವರ ಹಾಗೆ ನಿಂತರು. ಒಂದು ಕಾಗದ ಎಡಗೈಯಲ್ಲಿ, ಇನ್ನೊಂದು ಬಲಗೈಯಲ್ಲಿ, ಮತ್ತೊಂದು ಹಲ್ಲಿನಲ್ಲಿ. ದಿಕ್ಕು ತೋಚದಾಗ ಗೋಡೆ ಮುಟ್ಟಿದರು.

"ಗೋಡೆಗೆ ಎರಡನೇ ಕೋಟು ಬಣ್ಣ ಹೊಡೆದೇ ಇಲ್ಲ" ಎಂದರು ನನ್ನ ಕಿವಿಯಲ್ಲಿ. ಇಡೀ ದಿನದಲ್ಲಿ ಅವರಿಗೆ ಅರ್ಥವಾದದ್ದು ಅದೊಂದೇ.

ನಾಲ್ಕನೆಯ ಭೇಟಿಗೆ ಇನ್‌ಸ್ಪೆಕ್ಟರು ಅಂಗಳಕ್ಕೆ ಬಂದರು. ನೋಂದಣಿ ಪುಸ್ತಕ ನೋಡಿದರು, ಗಾಡಿ ನೋಡಿದರು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಯಜಮಾನ್ರೇ, ಪುಸ್ತಕದಲ್ಲಿ ಬೂದು ಬಣ್ಣ ಅಂತಿದೆ. ಇದೇನು ಗಾಡಿಯೋ, ಗಿಳಿಯೋ?"

"ಬೂದು ಇದೆ ಸ್ವಾಮಿ," ಎಂದರು ಭಾವ, ತೀರ ಗಂಭೀರವಾಗಿ. "ಒಳಗಿದೆ."

ಬಣ್ಣಕ್ಕಾದರೆ ಒಂದು ಅರ್ಜಿ ಕೊಟ್ಟರೆ ಸಾಕಂತೆ. ಆದರೆ ಗಾಡಿಯ ಅಡಿಗಟ್ಟಿನಲ್ಲಿ ಕೊರೆದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದುಕೊಳ್ಳಬೇಕು. ಇನ್‌ಸ್ಪೆಕ್ಟರು ಬಗ್ಗಿದರು, ತಡವಿದರು, ಎದ್ದರು. ಎಲ್ಲ ಕಡೆಯೂ ಒಂದೇ ನುಣುಪು. ಆಯುಸ್ಸಿಗೆಂದು ಬಳಿದ ಬಣ್ಣದಡಿ ಗಾಡಿಯ ಗುರುತೇ ಹೂತುಹೋಗಿತ್ತು.

"ನಂಬರ್ ಕಂಡ್ರೆ ಗಾಡಿ, ಕಾಣದಿದ್ರೆ ಗುಜರಿ. ನಾಳೆ ಬನ್ನಿ. ನಾಡಿದ್ದು ನಿಮ್ಮ ಪತ್ರದ ಅವಧಿ ಮುಗಿಯುತ್ತೆ."

ಮರುದಿನ ಬೆಳಿಗ್ಗೆ ಭಾವ ಗೋಣಿ ಹಾಸಿ ಗಾಡಿಯಡಿ ಮಲಗಿದರು. ನಂಬರು ಎಲ್ಲಿತ್ತೆಂಬುದೇ ಮರೆತಿತ್ತು. ಹಿಂದೆ ಕೆರೆದರು, ಎಡಕ್ಕೆ ಕೆರೆದರು, ಬರಿ ಕಬ್ಬಿಣ.

"ಮದುವೆ ತಾರೀಖೇ ನೆನಪಿಲ್ಲ, ಇನ್ನು ಇದು ನೆನಪಿರುತ್ತಾ?" ಎಂದು ಅಕ್ಕ ಹೊರಗಿನಿಂದ ಬೈಯುತ್ತಲೇ ಟರ್ಪೆಂಟೈನು ಹಾಕಿದ ಬಟ್ಟೆ ಒದಗಿಸುತ್ತಿದ್ದಳು. ನಾನು ಗೋಡೆಯ ಕನ್ನಡಿ ಬಿಚ್ಚಿ ತಂದು ಬಿಸಿಲನ್ನು ಗಾಡಿಯಡಿಗೆ ತಿರುಗಿಸಿ ಹಿಡಿದಿದ್ದೆ.

ಮುಂದಿನ ಬಲಚಕ್ರದ ಹಿಂದೆ ಕೆರೆಯುವ ತಗಡು ಏನನ್ನೋ ಎಡವಿತು. ಭಾವ ಉಗುರಿನಷ್ಟಗಲ ಕೆರೆಯುತ್ತ, ಪದರ ಪದರವನ್ನೂ ಗುರುತು ಹಿಡಿಯತೊಡಗಿದರು. "ಹಸಿರು, ಶಾಲೆ ಕಿಟಕಿ... ಬಿಳಿ, ಆಸ್ಪತ್ರೆ..." ಅಲ್ಲಿಗೆ ತಗಡು ನಿಂತಿತು.

"ಏನಾಯ್ತು ಭಾವ?"

"ನೀಲಿ ಬಂತಮ್ಮ. ನಿಮ್ಮ ಕೋಣೇದು."

ನನ್ನ ಮದುವೆಯ ವರ್ಷ ನಮ್ಮವರೇ ಆರಿಸಿದ ನೀಲಿ. ಭಾವ ಬಂದು ಬಳಿದುಕೊಟ್ಟು, ಉಳಿದದ್ದನ್ನು ತಮ್ಮ ಊರಿಗೆ ಒಯ್ದಿದ್ದರು. ಕೋಣೆಯ ಗೋಡೆ ಆಮೇಲೆ ಎರಡು ಸಲ ಬಣ್ಣ ಬದಲಿಸಿದೆ. ಆ ನೀಲಿ ನನ್ನ ಮನೆಯಲ್ಲಿ ಎಲ್ಲೂ ಉಳಿದಿಲ್ಲ. ಕನ್ನಡಿಯ ಬಿಸಿಲನ್ನು ಆ ನೀಲಿಯ ಮೇಲೆಯೇ ನಿಲ್ಲಿಸಿ ಹಿಡಿದೆ. ಭಾವ ಕೆರೆಯಲೊಲ್ಲರು.

"ಇನ್ನೊಂದು ಕಡೆ ಇದ್ರೂ ಇರಬಹುದು ನಂಬರು," ಎಂದರು, ಅಲ್ಲೇ ಇದೆಯೆಂದು ಗೊತ್ತಿದ್ದವರ ದನಿಯಲ್ಲಿ.

"ಕೆರೀರಿ ಭಾವ," ಎಂದೆ. "ನೀಲಿ ಹೋಗಿ ನೀವಿಬ್ಬರೂ ಉಳಿಯೋದಾದ್ರೆ ಹೋಗಲಿ."

ನೀಲಿಯಡಿ ಬೂದು, ಬೂದು ಬಣ್ಣದಡಿ ನಂಬರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಆ ಮಧ್ಯಾಹ್ನ ಇನ್‌ಸ್ಪೆಕ್ಟರು ಅಚ್ಚು ತೆಗೆದುಕೊಂಡರು. ಇಪ್ಪತ್ತು ದಿನಕ್ಕೆ ಹೊಸ ಫಲಕ ಬಂತು. ಭಾವ ಅದನ್ನು ಬಿಗಿದು, ಬೆರಳಿನ ಬೆನ್ನಿಂದ ಮುಟ್ಟಿ ನೋಡಿ, ಯಾವ ಕಾಗದದಿಂದ ಯಾವುದು ಆಯಿತೆಂಬುದು ತಮಗೆ ಇನ್ನೂ ತಿಳಿದಿಲ್ಲವೆಂದರು. ನನಗೂ ತಿಳಿದಿಲ್ಲ. ಮುಂದಿನ ಕೆಲಸದ ಬಣ್ಣ ಉಳಿದಾಗ ಮತ್ತೆ ಗಾಡಿಯಡಿ ನುಸುಳಿದರು. ಈ ಸಲ ನಂಬರಿನ ಸುತ್ತ ಅಂಗೈಯಗಲ ಜಾಗ ಬಿಟ್ಟು, ಅದಕ್ಕೆ ಮಾತ್ರ ಬಣ್ಣವಿಲ್ಲದ ವಾರ್ನಿಷ್ ಬಳಿದರು. ಬಗ್ಗಿ ನೋಡಿದರೆ ಅಂಚಿನಲ್ಲಿ, ಕಡಿದ ಮರದ ಉಂಗುರದ ಹಾಗೆ, ಹಸಿರು, ಬಿಳಿ, ಆಮೇಲೆ ದಾರದೆಳೆಯಷ್ಟು ನೀಲಿ.

ಇಂಥವರ ಪ್ರೀತಿಯೇ ಹೀಗೆ. ಯಾವುದನ್ನೂ ಚೆಲ್ಲದೆ, ಒಂದು ಮಾತೂ ಆಡದೆ, ಉಳಿದವರ ಬದುಕಿನ ಮಿಕ್ಕಿದ್ದನ್ನೆಲ್ಲ ತಮ್ಮ ಮೈಮೇಲೆಯೇ ಬಳಿದುಕೊಳ್ಳುತ್ತ ಹೋಗುತ್ತಾರೆ. ನೀನು ಯಾರು, ನಿನ್ನ ನಂಬರೇನು ಎಂದು ಲೋಕ ಕೇಳಿದ ದಿನ ಕಕ್ಕಾಬಿಕ್ಕಿಯಾಗಿ ಗೋಡೆ ಮುಟ್ಟುತ್ತಾರೆ. ಅವರನ್ನು ಕೆರೆದು ನೋಡಿದವರಿಗೆ ಮೊದಲು ಸಿಗುವುದು ಅವರಲ್ಲ, ನಾವು.